ಗುಟ್ಟು ಗೊತ್ತಿದ್ದವರ ಮಾತು ನಿಂತಾಗ

2025ರ ಮಾರ್ಚ್ ಕೊನೆಯಲ್ಲಿ ನಮ್ಮ ಖಾನಾಪುರ ತಾಲೂಕಿನ ಬೀಡಿ ಗ್ರಾಮದ ಸುದ್ದಿಯನ್ನು ರಾಜ್ಯವೆಲ್ಲ ಓದಿತು. ವಯಸ್ಸಾದ ಗಂಡ ಹೆಂಡತಿ. ದಿಲ್ಲಿಯ ಅಧಿಕಾರಿಗಳೆಂದು ಹೇಳಿಕೊಂಡವರು ಫೋನಿನಲ್ಲೇ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಐವತ್ತು ಲಕ್ಷಕ್ಕೂ ಮಿಕ್ಕಿ ಹಣ ಸುಲಿದಿದ್ದರು. ಆ ಹಿಂಸೆ ತಾಳಲಾರದೆ ಇಬ್ಬರೂ ಜೀವ ಕಳೆದುಕೊಂಡರು. ಬೀಡಿ ನಮಗೆ ಪರಸ್ಥಳವಲ್ಲ. ನಮ್ಮ ಭಟ್ಟಿಯ ಇಟ್ಟಂಗಿ ಆ ಕಡೆಯ ಎಷ್ಟೋ ಮನೆಗಳ ಗೋಡೆಯಲ್ಲಿದೆ. ಪೇಪರ್ ಓದಿದ ದಿನ ನಮ್ಮ ಮನೆಯವರು ಸರಿಯಾಗಿ ಊಟ ಮಾಡಲಿಲ್ಲ. ರಾತ್ರಿ ಕುಳಿತು ಬ್ಯಾಂಕು, ಇಮೇಲು, ವಿಮೆ, ಷೇರು ಹೀಗೆ ಒಂದೊಂದೇ ಪಾಸ್‌ವರ್ಡ್ ಬದಲಿಸಿದರು. ಹಳೆಯವು ಬರೆದಿದ್ದ ಡೈರಿಯ ಹಾಳೆ ಹರಿದು ಒಲೆಗೆ ಹಾಕಿದರು. “ಇನ್ನ ಮ್ಯಾಲೆ ಎಲ್ಲಾ ತಲಿಯಾಗs ಇರ್ಲಿ, ಯಾರ ಕೈಗೂ ಸಿಗೂದಿಲ್ಲ” ಅಂದರು.

ಅದನ್ನು ನಾನು ತಪ್ಪೆನ್ನುವುದಿಲ್ಲ. ಬ್ಯಾಂಕಿನ ಪ್ರತಿ ಸಂದೇಶದ ಕೊನೆಗೂ ಇರುವುದು ಅದೇ ಮಾತು: ಪಿನ್, ಓಟಿಪಿ, ಪಾಸ್‌ವರ್ಡ್ ಯಾರಿಗೂ ಹೇಳಬೇಡಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯೂ ಹಾಗೇ ಹೇಳಿತ್ತು. ಗ್ರಾಹಕ ತನ್ನ ಗುಟ್ಟಿನ ಸಂಖ್ಯೆಯನ್ನು ಬೇರೆಯವರಿಗೆ ಕೊಟ್ಟು ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ. ಹೆಂಡತಿಗಾದರೆ ಹೇಳಬಹುದು ಎಂಬ ವಿನಾಯಿತಿ ಅದರಲ್ಲಿರಲಿಲ್ಲ. ಅವರು ನಿಯಮ ಪಾಲಿಸಿದರು. ಮೋಸಗಾರರಿಂದ ನಮ್ಮನ್ನು ಕಾಪಾಡಬೇಕೆಂದೇ ಪಾಲಿಸಿದರು.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಸಂಬಳ ನನ್ನ ಖಾತೆಗೆ ಬರುತ್ತದೆ, ಅದರ ವ್ಯವಹಾರ ನನ್ನದು. ಉಳಿದದ್ದೆಲ್ಲ ಅವರದು: ಭಟ್ಟಿಯ ಚಾಲ್ತಿ ಖಾತೆ, ಉಳಿತಾಯ ಖಾತೆ, ಟಿಪ್ಪರಿನ ಸಾಲದ ಕಂತು, ಜಿಎಸ್‌ಟಿ, ಮನೆಮಂದಿಯ ಆರೋಗ್ಯ ವಿಮೆ, ಹೆಸ್ಕಾಂ ಬಿಲ್ಲು, ಮಗಳ ಕಾಲೇಜಿನ ಶುಲ್ಕ. ಎಲ್ಲ ಒಂದು ಫೋನಿನಲ್ಲಿ, ಆ ಫೋನು ಅವರ ಅಂಗಿಯ ಕಿಸೆಯಲ್ಲಿ.

ಆಷಾಢದಲ್ಲಿ ಖಾನಾಪುರದ ಮಳೆ ಹೇಗೆ ಹೊಡೆಯುತ್ತದೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ನಮ್ಮೂರು ಮುಟ್ಟುವ ಹೊತ್ತಿಗೆ ಕೆಂಪಾಗಿ ದಂಡೆ ತುಂಬಿ ಹರಿಯುತ್ತಿತ್ತು. ಅಂಥ ಒಂದು ನಸುಕಿನಲ್ಲಿ ಅವರು ಹಾಸಿಗೆಯಿಂದ ಏಳಲು ಹೋಗಿ ಬಲಕ್ಕೆ ವಾಲಿ ಬಿದ್ದರು. ಬಾಯಿ ಸೊಟ್ಟಗಾಗಿತ್ತು. ಏನೋ ಹೇಳಲು ಹೋಗುತ್ತಾರೆ, ಬರೀ ಉಸಿರು ಬರುತ್ತದೆ. ಬೆಳಗಾವಿಗೆ ಇಪ್ಪತ್ತೈದು ಕಿಲೋಮೀಟರು ಹಾದಿ. ಮಳೆಯಲ್ಲಿ ಆಂಬುಲೆನ್ಸಿನಲ್ಲಿ ಅವರ ತಲೆ ಹಿಡಿದು ಕುಳಿತೆ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಯಾವಾಗ ಶುರುವಾಯಿತು? ನಿದ್ದೆಯಲ್ಲಿ ಆದದ್ದು, ಯಾರಿಗೆ ಗೊತ್ತು. ರಕ್ತದ ಗರಣೆ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕಂತೆ. ಹೊತ್ತು ಖಚಿತವಿಲ್ಲದ್ದರಿಂದ ಕೊಡಲಿಲ್ಲ. ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದಿತ್ತು. ಬಲಗೈ, ಬಲಗಾಲು ಮತ್ತು ಮಾತು ಹೋಗಿದ್ದವು. ಮಾತು ಹೋದದ್ದಕ್ಕೆ ಡಾಕ್ಟರು ಅಫೇಸಿಯಾ ಅಂದರು. ನಾವು ಹೇಳಿದ್ದು ಅವರಿಗೆ ಬಹುಮಟ್ಟಿಗೆ ತಿಳಿಯುತ್ತದೆ, ಅವರಿಗೆ ಹೇಳಬೇಕಾದದ್ದು ಹೊರಗೆ ಬರುವುದಿಲ್ಲ.

ಮುಂಗಡ ಹಣ ಕಟ್ಟಿರಿ, ವಿಮೆಯ ಕಾಗದ ತನ್ನಿರಿ ಅಂದರು. ನನ್ನ ಖಾತೆಯಲ್ಲಿದ್ದದ್ದನ್ನು ಕಟ್ಟಿದೆ. ವಿಮೆಯ ಕಾಗದ ಅವರ ಇಮೇಲಿನಲ್ಲಿ, ಇಮೇಲು ಫೋನಿನಲ್ಲಿ. ಮೊದಲ ದಿನ ಫೋನು ಅವರ ಹೆಬ್ಬೆರಳಿಗೆ ತೆರೆಯುತ್ತಿತ್ತು. ಜೀವವಿಲ್ಲದ ಬಲಗೈಯನ್ನು ಎತ್ತಿ ಹೆಬ್ಬೆರಳನ್ನು ಫೋನಿಗೆ ಒತ್ತಿದ್ದು ನನಗೆ ಈಗಲೂ ಕೈಯಲ್ಲಿ ಉಳಿದಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಕೇಳಿಯೇ ಒತ್ತಿದೆ, ಅವರು ಕಣ್ಣು ಮುಚ್ಚಿ ತೆರೆದರು, ಒಪ್ಪಿದರೆಂದುಕೊಂಡೆ. ನಾಲ್ಕಾರು ಜನರಿಗೆ ಫೋನ್ ಹಚ್ಚಿ ಸುದ್ದಿ ತಿಳಿಸಿದೆ. ಅಷ್ಟರಲ್ಲಿ ಐಸಿಯುಗೆ ಕರೆದರು. ರಾತ್ರಿ ಚಾರ್ಜು ಮುಗಿದು ಫೋನು ಆರಿತು. ಬೆಳಿಗ್ಗೆ ಚಾರ್ಜಿಗಿಟ್ಟು ಹಚ್ಚಿದರೆ ಹೆಬ್ಬೆರಳು ಒಲ್ಲೆ, ಪಿನ್ ಕೊಡು ಅಂತು. ಆರಿ ಹತ್ತಿದ ಮೇಲೆ ಮೊದಲ ಸಲ ಪಿನ್ ಒತ್ತಲೇಬೇಕು, ಆಮೇಲಷ್ಟೇ ಬೆರಳು ನಡೆಯುತ್ತದೆ. ಕದ್ದ ಫೋನಿನಿಂದ ಕಾಯಲೆಂದು ಮಾಡಿದ ಏರ್ಪಾಡದು, ಒಳ್ಳೆಯದೇ. ಐಸಿಯು ಹೊರಗಿನ ಬೆಂಚಿನ ಮೇಲೆ ನನಗೆ ಅದು ಮುಚ್ಚಿದ ಬಾಗಿಲಾಗಿತ್ತು.

ನಾದಿನಿಯ ಮಗ ಇಂಜಿನಿಯರಿಂಗ್ ಓದುವವ. ಅವನು ಬಂದು ಫೋನಿನ ಪಕ್ಕದ ಸಣ್ಣ ರಂಧ್ರಕ್ಕೆ ಪಿನ್ನು ಚುಚ್ಚಿ ಸಿಮ್ ತೆಗೆದು ನನ್ನ ಫೋನಿಗೆ ಹಾಕಿದ. ಬೀಗ ಫೋನಿಗಿತ್ತೇ ಹೊರತು ಸಿಮ್ಮಿಗಿರಲಿಲ್ಲ. ಕ್ಷಣದಲ್ಲಿ ಅವರ ನಂಬರಿನ ಸಂದೇಶಗಳೆಲ್ಲ ನನ್ನ ಕೈಯಲ್ಲಿ ಸುರಿಯತೊಡಗಿದವು. ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಮೊಬೈಲ್ ನಂಬರ್ ಹೇಳಿ ಓಟಿಪಿ ಕೊಟ್ಟೆವು, ಪಾಲಿಸಿ ಸಿಕ್ಕಿತು. ನಗದುರಹಿತ ಚಿಕಿತ್ಸೆಯ ಅರ್ಜಿಗೆ ಒಂದು ತಾಸಿನೊಳಗೆ ಉತ್ತರಿಸಬೇಕೆಂದು ವಿಮಾ ಪ್ರಾಧಿಕಾರ 2024ರಲ್ಲೇ ಹೇಳಿದೆ. ನಮಗೆ ತಡವಾಗಿ ಬಂತು, ಆದರೆ ಬಂತು.

ಸಮಾಧಾನದ ಹಿಂದೆಯೇ ಹೊಟ್ಟೆಯಲ್ಲಿ ಭಯ ಹುಟ್ಟಿತು. ಹುಡುಗ ಹೇಳಿದ: “ಮಾಮಿ, ಮಾಮಾನ ಪಾಕೀಟಿನ್ಯಾಗ ಎಟಿಎಂ ಕಾರ್ಡ್ ಐತಿ. ಸಿಮ್ ನಮ್ಮ ಕಡೆ ಐತಿ. ಕಾರ್ಡಿನ ಮ್ಯಾಲಿನ ವಿವರ ಹಾಕಿ, ಓಟಿಪಿ ಕೊಟ್ರ ಕೆಲವು ಬ್ಯಾಂಕಿನ್ಯಾಗ ಯುಪಿಐ ಪಿನ್ನs ಹೊಸಾದ ಮಾಡಬಹುದು.” ನಾವು ಹೀಗೆ ಮಾಡಬಹುದಾದರೆ ಪಾಕೀಟು ಮತ್ತು ಫೋನು ಎರಡನ್ನೂ ಕದ್ದವನೂ ಮಾಡಬಹುದಲ್ಲ! ತಲೆಯಲ್ಲಿ ಬಚ್ಚಿಟ್ಟ ಪಾಸ್‌ವರ್ಡುಗಳಿಗಿಂತ ಆ ಉಗುರಿನಷ್ಟು ಸಿಮ್ಮೇ ಮನೆಯ ದೊಡ್ಡ ಕೀಲಿ ಎಂದು ನನಗೆ ಅವತ್ತು ತಿಳಿಯಿತು.

ಹಣ ಬೇಕಾಗಿತ್ತು. ಔಷಧಿ, ಸ್ಕ್ಯಾನು, ವಿಮೆಗೆ ಸೇರದ ಖರ್ಚು. ಆದರೂ ಅವರ ಪಿನ್ ಬದಲಿಸಲು ನನಗೆ ಮನಸ್ಸು ಬರಲಿಲ್ಲ. ಅವರು ಬದುಕಿದ್ದಾರೆ, ನನ್ನನ್ನು ನೋಡುತ್ತಿದ್ದಾರೆ, ಅವರಿಗೆ ಗೊತ್ತಿಲ್ಲದೆ ಅವರ ಹೆಸರಿನಲ್ಲಿ ನಾನು ಬೇರೆ ಮನುಷ್ಯಳಾಗುವುದು ಹೇಗೆ? ನಮ್ಮ ಓಣಿಯಲ್ಲೊಬ್ಬ ನಿವೃತ್ತ ಬ್ಯಾಂಕ್ ನೌಕರರಿದ್ದಾರೆ. ಅವರೂ ಹಾಗೇ ಹೇಳಿದರು: “ಕಳ್ಳದಾರಿ ಬ್ಯಾಡ್ರಿ ಅಕ್ಕಾರ. ಸರಳ ದಾರಿ ಐತಿ, ಮಂದಿಗೆ ಗೊತ್ತಿಲ್ಲ ಅಷ್ಟ.”

ಆ ಸರಳ ದಾರಿಯನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ, ಯಾರಿಗಾದರೂ ಬೇಕಾದೀತು. ರೋಗಿ, ವೃದ್ಧ, ಅಶಕ್ತ ಗ್ರಾಹಕರ ಖಾತೆಯ ಬಗ್ಗೆ ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಸಹಿ ಮಾಡಲಾರದವರು ಹೆಬ್ಬೆಟ್ಟು ಒತ್ತಬಹುದು. ಕೈಯೂ ಆಗದಿದ್ದರೆ ಕಾಲಿನ ಹೆಬ್ಬೆರಳು. ಅದೂ ಆಗದಿದ್ದರೆ ಯಾವುದಾದರೊಂದು ಗುರುತು. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸ್ವತಂತ್ರ ಸಾಕ್ಷಿಗಳು ಅದನ್ನು ಗುರುತಿಸಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಹಣವನ್ನು ಯಾರು ತೆಗೆದುಕೊಂಡು ಹೋಗಬೇಕೆಂಬುದನ್ನೂ ಗ್ರಾಹಕ ಸೂಚಿಸಬಹುದು. ಇದಕ್ಕೆ ಪಾಸ್‌ವರ್ಡ್ ಬೇಡ, ಓಟಿಪಿ ಬೇಡ.

ಬ್ಯಾಂಕಿನ ಶಾಖೆಯಲ್ಲಿ ಮೊದಲು ಒಪ್ಪಲಿಲ್ಲ. “ಮುಖತ್ಯಾರ ಪತ್ರ ತನ್ನಿ” ಅಂದರು. ಮಾತು ನಿಂತು ಐಸಿಯುನಲ್ಲಿ ಮಲಗಿದವರು ಮುಖತ್ಯಾರ ಪತ್ರ ಬರೆದುಕೊಡುವುದು ಹೇಗೆ? “ಹೋಂ ಬ್ರಾಂಚಿಗೆ ಹೋಗಿ” ಅಂದರು. ಹೋಂ ಬ್ರಾಂಚಿನವರು “ಗ್ರಾಹಕರೇ ಬರಬೇಕು” ಅಂದರು. ಬೆಳಗಾವಿಗೂ ಖಾನಾಪುರಕ್ಕೂ ಮಳೆಯಲ್ಲಿ ಓಡಾಡಿ ನನ್ನ ಸೀರೆಯ ನೆರಿಗೆ ಒಣಗಿದ್ದೇ ನೆನಪಿಲ್ಲ. ಕೊನೆಗೆ ನಿವೃತ್ತ ನೌಕರರು ನಿರ್ದೇಶನದ ಪ್ರತಿ ತೆಗೆದು, ಲಿಖಿತ ಅರ್ಜಿಗೆ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡರು. ಮುದ್ರೆ ಬಿದ್ದ ಮೇಲೆ ಕೆಲಸ ಸರಿಯಿತು. ಒಬ್ಬ ತರುಣ ಅಧಿಕಾರಿ ವಾರ್ಡಿಗೇ ಬಂದರು. ಅವರು ಅಂದು ತೋರಿದ ಮರ್ಯಾದೆಯನ್ನು ನಾನು ಮರೆಯಲಾರೆ. ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿ ಹತ್ತಿರ ಎಳೆದು ಕುಳಿತು, ನನ್ನನ್ನಲ್ಲ, ನಮ್ಮವರನ್ನೇ ನೇರವಾಗಿ ಕೇಳಿದರು: “ಸರ್, ನಿಮ್ಮ ಖಾತೆಯಿಂದ ನಿಮ್ಮ ಪತ್ನಿಗೆ ಇಷ್ಟು ಹಣ ಕೊಡಲೇನ್ರಿ? ಹೌದಂದ್ರ ನನ್ನ ಕೈ ಒತ್ತಿ.” ನಮ್ಮವರು ಎಡಗೈಯಿಂದ ಒತ್ತಿದರು. ಮತ್ತೊಮ್ಮೆ, ಬೇಕೆಂದೇ ಬೇರೆ ಮೊತ್ತ ಹೇಳಿ ಕೇಳಿದರು. ಒತ್ತಲಿಲ್ಲ. ತಿಳಿದೇ ಒಪ್ಪಿದ್ದಾರೆಂದು ಖಾತ್ರಿ ಮಾಡಿಕೊಂಡು ನೇರಳೆ ಶಾಯಿಯ ಪ್ಯಾಡ್ ತೆರೆದು ಎಡಗೈ ಹೆಬ್ಬೆಟ್ಟು ತೆಗೆದುಕೊಂಡರು, ಆಮೇಲೆ ತಮ್ಮ ಕರ್ಚೀಪಿನಿಂದ ಬೆರಳು ಒರೆಸಿದರು.

ಫೋನಿನ ಪಿನ್ ಮಾತ್ರ ಹಾಗೇ ಇತ್ತು. ವಾಕ್‌ಚಿಕಿತ್ಸಕಿ ಒಂದು ರಟ್ಟಿನ ಮೇಲೆ ಸೊನ್ನೆಯಿಂದ ಒಂಬತ್ತರವರೆಗೆ ಸಾಲಾಗಿ ಬರೆದು, ತೋರಿಸಿರಿ ಅಂದರು. ನಮ್ಮವರು ಒಂದೊಂದೇ ಅಂಕಿಗೆ ಬೆರಳಿಡುತ್ತಾರೆ, ಇದಲ್ಲವೆಂದು ತಲೆ ಆಡಿಸುತ್ತಾರೆ, ಮತ್ತೆ ಇಡುತ್ತಾರೆ. ಒಂದು ಸಲದ್ದು ಇನ್ನೊಂದು ಸಲ ಇಲ್ಲ. ಬಾಯಲ್ಲಿ ಹೇಳಲು ಹೋದರೆ ಏಳರ ಜಾಗದಲ್ಲಿ ನಾಲ್ಕು ಬರುತ್ತದೆ. ವಿಚಿತ್ರವೆಂದರೆ ಒಂದು ಎರಡು ಮೂರು ಎಂದು ಶುರು ಮಾಡಿಕೊಟ್ಟರೆ ಹತ್ತರವರೆಗೆ ಸಲೀಸಾಗಿ ಎಣಿಸುತ್ತಿದ್ದರು. ಬಾಯಿಪಾಠದ ಸಾಲು ಉಳಿದಿತ್ತು, ಬೇಕಾದ ಒಂದು ಅಂಕಿಯನ್ನು ಆರಿಸಿ ತೆಗೆಯುವ ಶಕ್ತಿ ಹೋಗಿತ್ತು. ಹಾಗೆ ಸಿಕ್ಕ ಅಂಕಿಗಳನ್ನು ಫೋನಿಗೆ ಹಾಕಿ ನೋಡಿದೆವು. ತಪ್ಪಾದಂತೆಲ್ಲ ಫೋನು ಹೆಚ್ಚು ಹೆಚ್ಚು ಹೊತ್ತು ಕಾಯಿಸತೊಡಗಿತು. ಅವರ ಕಣ್ಣಲ್ಲಿ ನೀರು ಬಂದದ್ದು ನೋಡಿ ನಾನೇ ರಟ್ಟು ತೆಗೆದಿಟ್ಟೆ. ಸುಟ್ಟು ಹೋಗಲಿ ಆ ಫೋನು, ಬೇಡವೇ ಬೇಡ ಅನಿಸಿತು.

ಜಿಎಸ್‌ಟಿ ಲೆಕ್ಕ ಸಲ್ಲಿಸುವ ಇಪ್ಪತ್ತನೇ ತಾರೀಖು ಹತ್ತಿರ ಬಂತು. ತಡವಾದರೆ ದಿನಕ್ಕೆ ಐವತ್ತು ರೂಪಾಯಿ ದಂಡ, ಮೇಲೆ ಬಡ್ಡಿ. ಬೆಳಗಾವಿಯಲ್ಲಿ ನಮ್ಮ ಲೆಕ್ಕ ನೋಡುವವರ ಕಚೇರಿಗೆ ಹೋದೆ. ಅಲ್ಲಿಯ ಹುಡುಗಿ ಕೇಳುವ ಮೊದಲೇ ಒಂದು ಉದ್ದನೆಯ ರಿಜಿಸ್ಟರ್ ತೆಗೆದು, ಬೆರಳಿಟ್ಟು ಸಾಲು ಹುಡುಕಿ, ನಮ್ಮ ಪಾಸ್‌ವರ್ಡ್ ನೋಡಿ ಒಳಹೊಕ್ಕಳು. ಆ ಸಾಲಿನ ಮೇಲೂ ಕೆಳಗೂ ಬೇರೆ ವ್ಯಾಪಾರಿಗಳ ಹೆಸರು, ಬಳಕೆದಾರ ಹೆಸರು, ಪಾಸ್‌ವರ್ಡು, ನೀಲಿ ಶಾಯಿಯಲ್ಲಿ. ಖಾನಾಪುರದಲ್ಲಿ ನಾವು ಹೋಗುವ ಆನ್‌ಲೈನ್ ಸೆಂಟರಿನಲ್ಲೂ ಇಂಥದೇ ರಿಜಿಸ್ಟರ್ ಇದೆ. ಪಹಣಿ, ವಿದ್ಯಾರ್ಥಿವೇತನ, ಕಾರ್ಮಿಕ ಕಾರ್ಡು, ಪಿಎಫ್ ಹೀಗೆ ಯಾವ ಅರ್ಜಿ ಹಾಕಿದರೂ ಅಲ್ಲೇ ಹೊಸ ಪಾಸ್‌ವರ್ಡ್ ಹುಟ್ಟುತ್ತದೆ, ಅಲ್ಲೇ ಉಳಿಯುತ್ತದೆ. ಜನ ಕೇಳುವುದಿಲ್ಲ, ಅವರು ಕೊಡುವುದಿಲ್ಲ. ಸಂಸಾರ ಹಂಚಿಕೊಂಡವಳಿಗೆ ಗೊತ್ತಿರದ ಗುಟ್ಟು ಯಾರದೋ ಮೇಜಿನ ಮೇಲೆ ತೆರೆದು ಬಿದ್ದಿತ್ತು. ನನಗೆ ಸಿಟ್ಟು ಬಂತು, ಅವತ್ತಿನ ಮಟ್ಟಿಗೆ ಆ ರಿಜಿಸ್ಟರೇ ನಮ್ಮನ್ನು ಉಳಿಸಿತು ಎಂಬುದೂ ನಿಜ.

ಊರಿಗೆ ಮರಳಿದ ಮೇಲೆ ಒಂದು ಮಧ್ಯಾಹ್ನ, ಮಗಳು ಅವರ ಫೋನನ್ನು ಒರೆಸಿ ಅವರ ತೊಡೆಯ ಮೇಲಿಟ್ಟು ಚಹಾ ತರಲು ಒಳಗೆ ಹೋದಳು. ಅವರು ಎಡಗೈಯಲ್ಲಿ ತೆಗೆದುಕೊಂಡು, ಯೋಚಿಸದೆ, ಪಟಪಟ ಒತ್ತಿದರು. ತೆರೆಯಿತು! ಸಾಲಾಗಿ ಬರೆದ ಅಂಕಿಗಳಲ್ಲಿ ಸಿಗದ್ದು ಫೋನಿನ ಮೇಲೆ ಮೂರು ಮೂರಾಗಿ ಕೂತ ಗುಂಡಿಗಳಲ್ಲಿ ಸಿಕ್ಕಿತ್ತು. ಅಂಕಿ ಮರೆತಿತ್ತು, ಬೆರಳು ಹೋಗುವ ದಾರಿ ಮರೆತಿರಲಿಲ್ಲ. ಅವರು ನಕ್ಕರು, ಕಾಯಿಲೆ ಬಿದ್ದ ಮೇಲೆ ಮೊದಲ ಬಾರಿ ದನಿ ತೆಗೆದು ನಕ್ಕರು.

ಆಮೇಲೆ ಎಲ್ಲರೂ ಕೂತು ಮಾತಾಡಿದೆವು, ಇನ್ನು ಮುಂದೆ ಹೇಗೆ? ಅವರಿಗೆ ಆಗ ಒಂದೊಂದು ಪದ ಬರುತ್ತಿತ್ತು. “ಒಂದs ಕಡೆ… ಬ್ಯಾಡ” ಅಂದರು. ಎಲ್ಲವನ್ನೂ ಒಂದೇ ಕಡೆ ಇಟ್ಟರೆ ಕಳ್ಳನಿಗೆ ಒಂದೇ ಸಲಕ್ಕೆ ಎಲ್ಲ ಸಿಗುತ್ತದೆಂಬ ಹೆದರಿಕೆ. ಅದು ಹುರುಳಿಲ್ಲದ ಹೆದರಿಕೆಯಲ್ಲ. 2022ರಲ್ಲಿ ಲಾಸ್ಟ್‌ಪಾಸ್ ಎಂಬ, ಗುಟ್ಟುಗಳನ್ನೆಲ್ಲ ಒಂದೇ ತಿಜೋರಿಯಲ್ಲಿಡುವ ಹೆಸರಾಂತ ಪಾಸ್‌ವರ್ಡ್ ಮ್ಯಾನೇಜರಿನಿಂದ ಗ್ರಾಹಕರ ತಿಜೋರಿಗಳ ನಕಲನ್ನೇ ಕಳ್ಳರು ಹೊತ್ತೊಯ್ದರು. ಒಳಗಿನ ಪಾಸ್‌ವರ್ಡುಗಳಿಗೆ ಗೂಢಲಿಪಿಯ ಬೀಗವಿತ್ತು, ಆದರೆ ಯಾರು ಯಾವ ಜಾಲತಾಣ ಬಳಸುತ್ತಾರೆಂಬ ವಿಳಾಸಗಳು ತೆರೆದೇ ಇದ್ದವು. ಮುಖ್ಯ ಪಾಸ್‌ವರ್ಡ್ ದುರ್ಬಲವಿದ್ದವರಿಗೆ ಇವತ್ತಿಗೂ ಅಪಾಯ.

ಹಾಗಾದರೆ ಪುಸ್ತಕದಲ್ಲಿ ಬರೆದಿಡೋಣವೇ? ಬರೆದಿಡುವುದು ಹಳ್ಳಿಯವರ ಬುದ್ಧಿ ಎಂದು ಯಾರೂ ತಿಳಿಯಬೇಕಿಲ್ಲ. ಕಂಪ್ಯೂಟರಿಗೆ ಮೊದಲು ಪಾಸ್‌ವರ್ಡ್ ತಂದವರಲ್ಲಿ ಒಬ್ಬರಾದ ಎಂಐಟಿಯ ಫರ್ನಾಂಡೊ ಕಾರ್ಬಾಟೊ ತಮ್ಮ ಇಳಿವಯಸ್ಸಿನಲ್ಲಿ, 2014ರಲ್ಲಿ, ಪಾಸ್‌ವರ್ಡ್ ಈಗ ಒಂದು ದುಃಸ್ವಪ್ನವಾಗಿದೆ, ತಾವೂ ಪುಟಗಟ್ಟಲೆ ಪಟ್ಟಿ ಮಾಡಿಟ್ಟುಕೊಂಡಿದ್ದೇವೆ ಎಂದು ಹೇಳಿದ್ದರು. ಭದ್ರತಾ ತಜ್ಞ ಬ್ರೂಸ್ ಶ್ನೈಯರ್ 2005ರಲ್ಲೇ ಚೀಟಿಯಲ್ಲಿ ಬರೆದು ಪಾಕೀಟಿನಲ್ಲಿಡಿ ಎಂದಿದ್ದರು, ದುರ್ಬಲ ಪಾಸ್‌ವರ್ಡ್ ನೆನಪಿಡುವುದಕ್ಕಿಂತ ಗಟ್ಟಿಯದನ್ನು ಬರೆದಿಡುವುದು ಮೇಲೆಂದು. ನಮ್ಮಲ್ಲಿಯ ತೊಡಕು ಬೇರೆ. ಖಾನಾಪುರದ ಮಳೆಗಾಲದಲ್ಲಿ ಬೀರುವಿನೊಳಗಿನ ಕಾಗದವೂ ಬೂಷ್ಟು ಹಿಡಿದು ಅಕ್ಷರ ಹರಡುತ್ತವೆ. ಅದೂ ಅಲ್ಲದೆ, ಪಾಸ್‌ವರ್ಡ್ ಬದಲಾದಾಗಲೆಲ್ಲ ಪುಸ್ತಕ ತಿದ್ದುವುದು ಯಾರು?

ನಾದಿನಿಯ ಮಗ ಅಂಥ ಮ್ಯಾನೇಜರುಗಳಲ್ಲೇ ಎರಡು ದಾರಿ ತೋರಿಸಿದ. ಒಂದು ಬಿಟ್‌ವಾರ್ಡನ್. ಅದರಲ್ಲಿ ಹಣ ಕೊಟ್ಟವರಿಗೆ ‘ತುರ್ತು ಪ್ರವೇಶ’ ಇದೆ: ನಾವು ನಂಬಿದವರು ಕೇಳಿಕೆ ಹಾಕುತ್ತಾರೆ, ನಾವು ಗೊತ್ತುಮಾಡಿದ ದಿನಗಳೊಳಗೆ ಬೇಡ ಅನ್ನದಿದ್ದರೆ ತಿಜೋರಿ ಅವರಿಗೆ ತೆರೆಯುತ್ತದೆ. ನಮ್ಮ ಸ್ಥಿತಿಗೆಂದೇ ಮಾಡಿದಂತಿತ್ತು. ಇನ್ನೊಂದು ಕೀಪಾಸ್, ಜರ್ಮನಿಯ ಡೊಮಿನಿಕ್ ರೈಶ್ಲ್ 2003ರಲ್ಲಿ ಶುರು ಮಾಡಿದ್ದು, ಪುಕ್ಕಟೆ. ಅದರ ತಿಜೋರಿ ಒಂದು ಫೈಲು ಅಷ್ಟೇ, ಯಾರ ಸರ್ವರಿನಲ್ಲೂ ಇರಬೇಕಿಲ್ಲ. ಭಟ್ಟಿಯ ಕಡೆ, ಜಾಂಬೋಟಿಯ ಹಾದಿಯಲ್ಲಿ, ಮಳೆ ಬಂದರೆ ನೆಟ್‌ವರ್ಕ್ ಗೋತಾ. ನೆಟ್ ಇಲ್ಲದೆಯೂ ತೆರೆಯುವ ಕೀಪಾಸನ್ನೇ ಆರಿಸಿದೆವು. ಫೈಲಿನ ಪ್ರತಿ ಅವರ ಫೋನಿನಲ್ಲಿದೆ, ನನ್ನದರಲ್ಲಿದೆ, ಒಂದು ಪೆನ್‌ಡ್ರೈವಿನಲ್ಲಿದೆ.

ಮುಖ್ಯ ಪಾಸ್‌ವರ್ಡಿಗೆ ಮಕ್ಕಳ ಹುಟ್ಟಿದ ದಿನವಾಗಲಿ ದೇವರ ಹೆಸರಾಗಲಿ ಗಾದೆಯಾಗಲಿ ಬೇಡವೆಂದ. ಮನಸ್ಸಿಗೆ ಹತ್ತಿರವಾದದ್ದು ಊಹೆಗೂ ಹತ್ತಿರ. ಅಮೆರಿಕದ ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ಹೇಳಿಕೊಟ್ಟ ಕ್ರಮ ದಾಳದ್ದು: 7,776 ಪದಗಳ ಪಟ್ಟಿ, ಐದು ಸಲ ದಾಳ ಹಾಕಿದರೆ ಒಂದು ಪದ. ನಾವು ನಿಘಂಟಿನ ಪುಟವನ್ನೂ ಸಾಲನ್ನೂ ದಾಳದಿಂದಲೇ ಗೊತ್ತುಮಾಡಿ ಆರು ಕನ್ನಡ ಪದ ಆರಿಸಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದೆವು. ದಾಳ ಉರುಳಿಸಿದ್ದು ನಮ್ಮವರ ಎಡಗೈ. ಆರು ಪದ ಬರೆದ ಚೀಟಿಯ ಎರಡು ಪ್ರತಿ ಪ್ಲಾಸ್ಟಿಕ್ ಹಾಕಿಸಿ ಲಕೋಟೆಯಲ್ಲಿ ಮುಚ್ಚಿ ಎರಡು ಬೇರೆ ಕಡೆ ಇಟ್ಟಿದ್ದೇವೆ. ದಿನನಿತ್ಯಕ್ಕೆ ಅವರು ಎಡ ಹೆಬ್ಬೆರಳಿನಿಂದ ತೆರೆಯುತ್ತಾರೆ. ಸಿಮ್ಮಿಗೂ ಪಿನ್ ಹಾಕಿಸಿದೆವು. ಮೂರು ಸಲ ತಪ್ಪಿದರೆ ಅದು ಪಿಯುಕೆ ಸಂಖ್ಯೆ ಕೇಳುತ್ತದೆ, ಆ ಸಂಖ್ಯೆಯೂ ಫೈಲಿನಲ್ಲಿದೆ. ಇಬ್ಬರ ಫೋನಿನ ಪಿನ್ ಇಬ್ಬರಿಗೂ ಗೊತ್ತು.

ಅವರ ಯುಪಿಐ ಪಿನ್, ಎಟಿಎಂ ಪಿನ್ ಮಾತ್ರ ಫೈಲಿನಲ್ಲಿಲ್ಲ. ಅದರ ಬದಲು ಉಳಿತಾಯ ಖಾತೆಯನ್ನು ಜಂಟಿ ಮಾಡಿಸಿದೆವು, ಇಬ್ಬರಲ್ಲಿ ಯಾರಾದರೂ ನಡೆಸುವಂತೆ. ಹಣಕ್ಕೆ ಕಾನೂನಿನ ದಾರಿ ಇರುವಾಗ ಇನ್ನೊಬ್ಬರ ಪಿನ್ ಒತ್ತುವುದು ಬೇಡವೆಂಬುದು ನನ್ನ ಹಟ. ಎಲ್ಲರೂ ನಾಮಿನಿ ಇದ್ದಾರಲ್ಲ ಅನ್ನುತ್ತಾರೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು, ಹಾಕುವುದು ಒಳ್ಳೆಯದು ಕೂಡ. ಆದರೆ ನಾಮಿನಿಯ ಹಕ್ಕು ಹುಟ್ಟುವುದು ಖಾತೆದಾರ ತೀರಿಕೊಂಡ ಮೇಲೆ. ಆಪಲ್ ಫೋನಿನ ವಾರಸುದಾರ ಏರ್ಪಾಡೂ ಹಾಗೇ. ಗೂಗಲ್‌ನ ನಿಷ್ಕ್ರಿಯ ಖಾತೆ ವ್ಯವಸ್ಥೆ ಕಡಿಮೆಯೆಂದರೆ ಮೂರು ತಿಂಗಳು ಕಾಯುತ್ತದೆ. ಸತ್ತವರ ಮನೆಗೆ ದಾರಿಗಳಿವೆ, ನಡೆದಾಡುವವರಿಗೆ ದಾರಿಗಳಿವೆ. ಉಸಿರಿದ್ದು ಮಾತಿಲ್ಲದವರ ಮನೆಯವರಿಗೆ ಬ್ಯಾಂಕಿನ ಹೆಬ್ಬೆಟ್ಟಿನ ನಿಯಮ ಬಿಟ್ಟರೆ ನನಗೆ ಸಿಕ್ಕದ್ದು ಬಹಳ ಕಡಿಮೆ.

ಅವರೀಗ ಕೋಲು ಹಿಡಿದು ಭಟ್ಟಿಯವರೆಗೆ ನಡೆಯುತ್ತಾರೆ, ಸಣ್ಣ ವಾಕ್ಯ ಮಾತಾಡುತ್ತಾರೆ. ಜಂಟಿ ಖಾತೆಯ ಅರ್ಜಿಗೆ ಎಡಗೈಯಲ್ಲಿ ಸಹಿ ಮಾಡಲು ಕಲಿತರು, ಬ್ಯಾಂಕಿನವರು ಹೊಸ ಸಹಿಯ ಮಾದರಿ ತೆಗೆದುಕೊಂಡರು. ಒಂದು ಹಳೆಯ ಇಮೇಲ್ ಮಾತ್ರ ಇನ್ನೂ ತೆರೆದಿಲ್ಲ, ಅದರ ಪಾಸ್‌ವರ್ಡ್ ಬೆರಳಿಗೂ ನೆನಪಿಲ್ಲ. ಜಿಎಸ್‌ಟಿಯ ಪಾಸ್‌ವರ್ಡ್ ಬದಲಿಸಿದ್ದೇವೆ. ಪ್ರತಿ ತಿಂಗಳು ಲೆಕ್ಕದವರ ಎದುರು ನಾನೇ ಕುಳಿತು ಒತ್ತಿಕೊಡುತ್ತೇನೆ. ಆನ್‌ಲೈನ್ ಸೆಂಟರಿನ ರಿಜಿಸ್ಟರಿನಲ್ಲಿ ನಮ್ಮ ಸಾಲನ್ನು ನನ್ನೆದುರೇ ಹೊಡೆಸಿಹಾಕಿದೆ. ಆ ಪುಟದಲ್ಲಿ ನನ್ನ ಶಾಲೆಯ ಮಕ್ಕಳ ತಾಯಂದಿರ ಹೆಸರುಗಳೂ ಇವೆ. ಪಾಲಕರ ಸಭೆಗೆ ಬಂದವರಿಗೆ ಒಬ್ಬೊಬ್ಬರಿಗಾಗಿ ಹೇಳುತ್ತಿದ್ದೇನೆ. ಕೆಲವರು ಹೋಗಿ ಬದಲಿಸಿಕೊಂಡಿದ್ದಾರೆ.